ಪರಲೋಕದ ಪ್ರಜೆಯ ಪಂಚಾಯ್ತಿ ಓಟು

ಗಂಗರಾಜು: ಸುತ್ತಿ ಬಳಸಿ ಮಾತು ಬೇಡ ಮೇಡಂ. ನನ್ನ ಹೆಂಡ್ತಿ ಹೆಸರು ಲಿಸ್ಟಿಂದ ತೆಗೀಬೇಕು ಅಂದ್ರೆ ತೆಗೀಬೇಕು. ಅಷ್ಟೇ.

ಶೈಲಜಾ: ತೆಗೀಬಹುದು. ಅದಕ್ಕೆ ಫಾರಂ ಏಳು ಅಂತ ಇದೆ. ಆದ್ರೆ ಕಾರಣ ಬರೀಬೇಕು. ಏನು ಕಾರಣ?

ಗಂಗರಾಜು: ನಾನೇ ಅವಳ ತಲೆ.

ಶೈಲಜಾ ಪೆನ್ನು ಹಿಡಿದುಕೊಂಡು ಹಾಗೇ ನಿಂತರು. ಅವರು ಮೇಲೂರಿನ ಸರ್ಕಾರಿ ಶಾಲೆಯ ಟೀಚರ್. ಪಂಚಾಯ್ತಿ ಚುನಾವಣೆ ಹತ್ತಿರ ಬಂದಿದ್ದರಿಂದ ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವ ಕೆಲಸವೂ ಅವರ ಹೆಗಲಿಗೆ ಬಿದ್ದಿತ್ತು. ಬೆಳಗ್ಗೆಯಿಂದ ಇಪ್ಪತ್ತಾರು ಮನೆ ಮುಗಿಸಿದ್ದರು. ಇಂಥ ಕಾರಣವನ್ನು ಯಾರೂ ಕೊಟ್ಟಿರಲಿಲ್ಲ.

ಶೈಲಜಾ: ತಲೆನಾ? ಫೋಟೋ ಏನಾದ್ರೂ ಅದಲು ಬದಲಾಗಿದ್ಯಾ? (ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು) ಇಲ್ವಲ್ಲ, ಸುವಾರ್ತಮ್ಮಂದೇ ತಲೆ ಇದೆ. ಮೀಸೆ ಗೀಸೆ ಏನೂ ಕಾಣ್ತಿಲ್ಲ. ಹಂಗೇನಾದ್ರೂ ತಪ್ಪಾಗಿದ್ರೆ ಅದಕ್ಕೆ ಫಾರಂ ಎಂಟು, ಏಳಲ್ಲ.

ಗಂಗರಾಜು: ಆ ತಲೆ ಅಲ್ಲ ಮೇಡಂ! ಹೆಂಗಸಿಗೆ ಗಂಡಸು ತಲೆ. ಬೈಬಲ್ ವಾಕ್ಯದಲ್ಲೇ ಐತೆ. ತಲೆ ಹೋಗಿ ಓಟು ಹಾಕಿ ಬಂದ್ಮೇಲೆ ಮೈ ಇನ್ನೊಂದು ಸಲ ಯಾಕೆ ಕ್ಯೂ ನಿಲ್ಬೇಕು?

ಸುವಾರ್ತಮ್ಮ (ಒಳಗಿನಿಂದ): ತಲೆ ಒಂದೇ ಹೋಗಿ ಬರೋದಾದ್ರೆ ಹೋಗಿ ಬರ್ಲಿ ಮೇಡಂ. ಹೊಸ್ತಿಲು ದಾಟುತ್ತಾ ಅಂತ ನಾನೂ ನೋಡ್ತೀನಿ.

ಗಂಗರಾಜು ರೇಷ್ಮೆ ಹುಳ ಸಾಕುವವನು. ಮನೆಯ ಪಕ್ಕದಲ್ಲೇ ಹುಳುವಿನ ಶೆಡ್ಡು, ಹಿಂದೆ ಹಿಪ್ಪುನೇರಳೆ ತೋಟ. ಐದು ವರ್ಷದ ಹಿಂದೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾದವನು. ಸುವಾರ್ತಮ್ಮನದು ಮೂರು ತಲೆಮಾರಿನಿಂದ ಚಿಕ್ಕಬಳ್ಳಾಪುರದ ಕ್ರೈಸ್ತ ಮನೆತನ. ಅವಳ ತಾತ ಚರ್ಚಿನ ಗಂಟೆ ಹೊಡೆಯುತ್ತಿದ್ದವರು. ಹೀಗಾಗಿ ದೇವರ ವಿಷಯಕ್ಕೆ ಅವಳದು ನಿಧಾನದ ನಡೆ, ಅವನದು ಓಟ.

ಶೈಲಜಾ: ನೋಡಿ ಗಂಗರಾಜು ಅವರೇ, ಫಾರಮ್ಮಲ್ಲಿ ಕಾರಣಗಳನ್ನ ಅವರೇ ಅಚ್ಚು ಹಾಕಿದಾರೆ. ನಾನು ಓದ್ತೀನಿ, ನೀವು ಯಾವುದು ಅಂತ ಹೇಳಿ. ಮೊದಲನೇದು, ಸತ್ತೋಗಿದಾರಾ?

ಗಂಗರಾಜು: ಛೆ ಛೆ. ಒಳಗೆ ಮುದ್ದೆ ಕಟ್ತಾವ್ಳೆ.

ಶೈಲಜಾ: ಊರು ಬಿಟ್ಟು ಹೋಗಿದಾರಾ?

ಸುವಾರ್ತಮ್ಮ (ಒಳಗಿನಿಂದ): ಹೋಗಣ ಅಂತ ಎರಡು ಸಲ ಹೊರಟಿದ್ದೆ ಮೇಡಂ. ಬಸ್ಸು ಬರ್ಲಿಲ್ಲ.

ಶೈಲಜಾ: ವಯಸ್ಸು ಹದಿನೆಂಟಾಗಿಲ್ವಾ?

ಗಂಗರಾಜು: ಬೆಳೆದ ಮಗಳನ್ನ ಚಿಂತಾಮಣಿಗೆ ಮದುವೆ ಮಾಡಿ ಕೊಟ್ಟಿದೀವಿ ಮೇಡಂ!

ಶೈಲಜಾ: ಹಂಗಾದ್ರೆ ಕೊನೇದು. ಭಾರತದ ಪ್ರಜೆ ಅಲ್ವಾ?

ಗಂಗರಾಜುವಿನ ಮುಖ ಅರಳಿತು.

ಗಂಗರಾಜು: ಹಾಂ, ಅದು! ಅದು ಬರ್ಕೊಳ್ಳಿ. ನಾವು ಈ ಲೋಕದ ಪ್ರಜೆಗಳಲ್ಲ, ಪರಲೋಕದ ಪ್ರಜೆಗಳು. ಹೋದ ಭಾನುವಾರಾನೇ ಪ್ರಸಂಗದಲ್ಲಿ ಹೇಳಿದ್ರು.

ಶೈಲಜಾ: ನೀವೂ ಅಲ್ಲಿಯವರೇನಾ?

ಗಂಗರಾಜು: ಮತ್ತೆ? ಮೊದಲು ನಾನು, ಆಮೇಲೆ ಅವಳು.

ಶೈಲಜಾ: ಹಂಗಾದ್ರೆ ಇಬ್ಬರ ಹೆಸರೂ ತೆಗೀತೀನಿ. ಎರಡು ಫಾರಂ ಬೇಕಾಗುತ್ತೆ.

ಗಂಗರಾಜು: ಅಯ್ಯೋ ತಡೀರಿ! ನಾನು ಸದ್ಯಕ್ಕೆ ಇಲ್ಲೇ ಅವ್ನಿ.

ಸುವಾರ್ತಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಶೈಲಜಾಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಜಗಲಿಯ ಮೇಲೆ ಕೂರಿಸಿದಳು. ಗಂಡನಿಗೆ ಕೊಡಲಿಲ್ಲ.

ಶೈಲಜಾ: ಇದೆಲ್ಲ ಯಾರು ಹೇಳಿದ್ದು ನಿಮಗೆ? ನಿಮ್ಮ ಪಾಸ್ಟರಾ?

ಗಂಗರಾಜು: ನಮ್ಮ ಪಾಸ್ಟರಯ್ಯಂಗೆ ಅಷ್ಟು ಧೈರ್ಯ ಎಲ್ಲಿ ಮೇಡಂ. ಅವರ ಹೆಂಡ್ತಿ ಹೈಸ್ಕೂಲು ಹೆಡ್ ಮಿಸ್ಸು. ಇದು ಅಮೇರಿಕಾದ ಪ್ರಸಂಗಿ, ಫೋನಲ್ಲಿ ಬರ್ತಾರೆ. ಒಂದು ಮನೆಗೆ ಒಂದೇ ಓಟು, ಅದನ್ನ ಯಜಮಾನನೇ ಹಾಕ್ಬೇಕು ಅಂತ ತೆಲುಗಲ್ಲಿ ಬಿಡಿಸಿ ಬಿಡಿಸಿ ಹೇಳವ್ರೆ.

ಶೈಲಜಾ: ಅಮೇರಿಕಾದವರು ತೆಲುಗಲ್ಲಾ?

ಗಂಗರಾಜು: ಡಬ್ಬಿಂಗು. ಬಾಯಿ ಇಂಗ್ಲಿಷಲ್ಲಿ ಆಡುತ್ತೆ, ಮಾತು ತೆಲುಗಲ್ಲಿ ಬರುತ್ತೆ.

ಸುವಾರ್ತಮ್ಮ: ಬಾಯಿ ಒಬ್ಬರ್ದು, ಮಾತು ಇನ್ನೊಬ್ಬರ್ದು. ಅದನ್ನ ನೋಡಿ ನೋಡಿ ಇವರಿಗೆ ಓಟೂ ಹಂಗೇ ಇರ್ಬೇಕು ಅನ್ಸೈತೆ.

ಗಂಗರಾಜು: ನೀನು ಸುಮ್ನಿರು ಕಣೇ! ಹೆಂಗಸ್ರು ಸಭೇಲಿ ಮಾತಾಡ್ಬಾರ್ದು ಅಂತ ಅಪೊಸ್ತಲರೇ ಬರ್ದು ಕಳ್ಸವ್ರೆ.

ಶೈಲಜಾ: ಯಾವ ಸಭೆ? ವಾರ್ಡ್ ಸಭೆನಾ, ಗ್ರಾಮಸಭೆನಾ?

ಗಂಗರಾಜು: ಎಲ್ಲಾ ಸಭೇನೂ. ಗ್ರಾಮಸಭೆ, ನಗರಸಭೆ, ವಿಧಾನಸಭೆ, ಲೋಕಸಭೆ. ಎಲ್ಲಾದ್ರ ಕೊನೇಲೂ ಸಭೆ ಅಂತ್ಲೇ ಇಲ್ವಾ?

ಸುವಾರ್ತಮ್ಮ: ಈಗ ಬರ್ತಿರೋದು ಪಂಚಾಯ್ತಿ ಎಲೆಕ್ಷನ್ನು. ಅದರ ಕೊನೇಲಿ ಸಭೆ ಎಲ್ಲೈತೆ, ಹುಡುಕಿ ಕೊಡಿ.

ಗಂಗರಾಜು ಬಾಯಲ್ಲೇ "ಪಂಚಾಯ್ತಿ, ಪಂಚಾಯ್ತಿ" ಎಂದು ಎರಡು ಸಲ ಹೇಳಿ ನೋಡಿದ. ಸಭೆ ಸಿಗಲಿಲ್ಲ.

ಸುವಾರ್ತಮ್ಮ: ಅಲ್ರೀ, ಓಟು ಹಾಕೋವಾಗ ಯಾರು ಮಾತಾಡ್ತಾರೆ? ಬೂತಲ್ಲಿ ಬಾಯಿ ಮುಚ್ಕೊಂಡಿರ್ಬೇಕು ಅಂತಾನೇ ರೂಲು. ಹೋದ ಸಲ ನಾನು ಮುಚ್ಕೊಂಡಿದ್ದೆ. ಹಾಡು ಹೇಳ್ಕೊಂಡು ಒಳಗೆ ಹೋಗಿ ಪೊಲೀಸಪ್ಪನ ಹತ್ರ ಬೈಸ್ಕೊಂಡಿದ್ದು ಯಾರು?

ಗಂಗರಾಜು: ಅದು ಸ್ತುತಿಗೀತೆ!

ಸುವಾರ್ತಮ್ಮ: ಇನ್ನೊಂದು ಹೇಳ್ತೀನಿ ಕೇಳಿ. ಸಮಾಧಿ ಖಾಲಿ ಆಗೈತೆ, ಶಿಲುಬೆಗೇರಿದ ಸ್ವಾಮಿ ಎದ್ದವ್ನೆ ಅಂತ ಮೊದ್ಲು ಓಡಿ ಬಂದು ಹೇಳಿದ್ದು ಯಾರು? ಹೆಂಗಸ್ರು. ಗಂಡಸ್ರು ಎಲ್ಲಿದ್ರು? ಬಾಗ್ಲು ಹಾಕ್ಕೊಂಡು ಒಳಗೆ ಕೂತಿದ್ರು. ಅವತ್ತು ಆ ಹೆಂಗಸ್ರು ಸುಮ್ನಿದ್ದಿದ್ರೆ ನಿಮ್ಮ ಡಬ್ಬಿಂಗ್ ಪ್ರಸಂಗಿಗೆ ಇವತ್ತು ಕೆಲ್ಸಾನೇ ಇರ್ತಿರ್ಲಿಲ್ಲ.

ಗಂಗರಾಜು: ಅದು ಸುದ್ದಿ ಹೇಳಿದ್ದು. ಓಟಲ್ಲ.

ಸುವಾರ್ತಮ್ಮ: ಖರ್ಜೂರದ ಮರದ ಕೆಳಗೆ ಕೂತು ದೇಶಕ್ಕೆಲ್ಲ ನ್ಯಾಯ ಹೇಳ್ತಿದ್ದ ಅಮ್ಮನೂ ಅದೇ ಬೈಬಲ್ಲಲ್ಲೇ ಅವ್ಳೆ. ಅವಳ ಗಂಡ ಏನು ಮಾಡ್ತಿದ್ದ ಅಂತ ಯಾರೂ ಬರ್ದಿಲ್ಲ.

ಶೈಲಜಾಗೆ ಇನ್ನೂ ಹನ್ನೊಂದು ಮನೆ ಬಾಕಿಯಿತ್ತು. ಆದರೆ ಮಜ್ಜಿಗೆ ಚೆನ್ನಾಗಿತ್ತು, ಜಗಳವೂ ಚೆನ್ನಾಗಿತ್ತು.

ಶೈಲಜಾ: ಗಂಗರಾಜು ಅವರೇ, ಒಂದು ಮನೆಗೆ ಯಜಮಾನರು ಒಬ್ರೇ ಓಟು ಹಾಕ್ಬೇಕು ಅಂದ್ರಿ. ಅದು ನಿಮ್ಮ ಗಟ್ಟಿ ಮಾತಾ?

ಗಂಗರಾಜು: ಬಂಡೆಗಲ್ಲು.

ಶೈಲಜಾ: ವಿಳಾಸ ನೋಡೋಕೆ ರೇಷನ್ ಕಾರ್ಡು ಕೇಳಿದ್ನಲ್ಲ, ಇಲ್ಲೇ ಇದೆ. ಏನು ಬರೆದಿದೆ ನೋಡಿ. ಕುಟುಂಬದ ಮುಖ್ಯಸ್ಥರು, ಸುವಾರ್ತಮ್ಮ. ಅದರ ಕೆಳಗೆ ಗಂಗರಾಜು. ಮುಖ್ಯಸ್ಥರಿಗೆ ಏನಾಗಬೇಕು? ಗಂಡ.

ಗಂಗರಾಜು: ಅದು... ಅದು ಅಕ್ಕಿ ಇಸ್ಕೊಳ್ಳೋದಕ್ಕೆ ಮಾತ್ರ ಮುಖ್ಯಸ್ಥೆ ಮೇಡಂ!

ಶೈಲಜಾ: ನೀವು ಹೇಳಿದ ಪ್ರಕಾರ ನಾನು ನಿಮ್ಮ ಹೆಸರು ತೆಗೀಬೇಕಾಗುತ್ತೆ.

ಗಂಗರಾಜು: ಈ ಸರ್ಕಾರಕ್ಕೆ ವಾಕ್ಯ ಗೊತ್ತಿಲ್ಲ.

ಸುವಾರ್ತಮ್ಮ ನಗುತ್ತಿದ್ದವಳು ತಟ್ಟನೆ ನಗು ನಿಲ್ಲಿಸಿದಳು.

ಸುವಾರ್ತಮ್ಮ: ಸಾಕು ಬಿಡ್ರಿ. ಪಾಪ, ಟೀಚರ್ ಹತ್ರ ಅಪೊಸ್ತಲರ್ನೆಲ್ಲ ಯಾಕೆ ಎಳೀತೀರ. ನಿಜವಾದ ವಿಷ್ಯ ಹೇಳ್ರಿ.

ಗಂಗರಾಜು: ಯಾವ ವಿಷ್ಯ? ಇದೇ ವಿಷ್ಯ.

ಸುವಾರ್ತಮ್ಮ: ನಾನೇ ಹೇಳ್ತೀನಿ ಮೇಡಂ. ಹೋದ ಪಂಚಾಯ್ತಿ ಎಲೆಕ್ಷನ್ನಲ್ಲಿ ಇವರ ಸ್ನೇಹಿತ ಮುನಿಗಂಗಪ್ಪ ನಿಂತಿದ್ರು. ಆ ಹಸಿರು ಗೇಟಿನ ಮನೆಯವರು. ಇವರು ಟೀ ಅಂಗಡೀಲಿ ನಿಂತು ನಮ್ಮನೆ ಎರಡು ಓಟೂ ಅವರಿಗೇ ಅಂತ ಹೇಳ್ಕೊಂಡು ಬಂದ್ರು. ಅವರು ಒಂದೇ ಒಂದು ಓಟಲ್ಲಿ ಸೋತ್ರು. ಆಮೇಲೆ ಮುನಿಗಂಗಪ್ಪ ಮನೆಮನೆಗೂ ಬಂದು ವಿಚಾರಿಸಿದ್ರು. ಎಲ್ಲಾರೂ ನಿಮಗೇ ಹಾಕಿದ್ವಿ ಅಂತ ಆಣೆ ಇಟ್ರು. ನಾನು ಇಡ್ಲಿಲ್ಲ. ಓಟು ಗುಟ್ಟು, ನಾನ್ಯಾಕೆ ಹೇಳ್ಲಿ ಅಂದೆ. ಅವತ್ತಿಂದ ನಾನೇ ಕೈ ಕೊಟ್ಟೋಳು ಅಂತ ಆಗೋಯ್ತು. ಇವರೂ ಹಂಗೇ ನಂಬಿದ್ರು.

ಗಂಗರಾಜು: ಮತ್ತಿನ್ನೇನು ನಂಬ್ಲಿ? ಒಂದು ಓಟು ಮೇಡಂ! ಈ ಸಲಾನೂ ಮುನಿಗಂಗಪ್ಪ ನಿಲ್ತಾನಂತೆ. ಇನ್ನೊಂದು ಸಲ ಅವಮಾನ ಬೇಡ ಅಂತ...

ಸುವಾರ್ತಮ್ಮ: ಅದಕ್ಕೆ ಅಮೇರಿಕಾದಿಂದ ವಾಕ್ಯ ತರ್ಸಿದ್ರಿ. ಅವಮಾನ ನಿಮಗೆ. ನನಗೇನಾಯ್ತು ಗೊತ್ತಾ? ಮುನಿಗಂಗಪ್ಪನ ಹೆಂಡ್ತಿ ಲಕ್ಷ್ಮೀನರಸಮ್ಮ ದಿನಾ ನಮ್ಮನೆ ಹೆಪ್ಪು ತಗೊಂಡೋಗೋರು. ನಮ್ಮ ಮಗಳ ಬಾಣಂತನ ನಾವಿಬ್ರೂ ಸೇರಿ ಮಾಡಿದ್ದು. ಆ ಎಲೆಕ್ಷನ್ ಆದ್ಮೇಲೆ ಅವರು ನನ್ನ ಮುಖ ನೋಡ್ಲಿಲ್ಲ. ನಲ್ಲಿ ಹತ್ರ ನಾನು ಬಂದ್ರೆ ಖಾಲಿ ಬಿಂದಿಗೆ ಎತ್ಕೊಂಡು ಹೋಗ್ತಾರೆ. ಐದು ವರ್ಷ ಆಯ್ತು.

ಗಂಗರಾಜು ತಲೆ ತಗ್ಗಿಸಿ ಜಗಲಿಯ ಅಂಚನ್ನು ಉಗುರಿನಿಂದ ಕೆರೆದ.

ಸುವಾರ್ತಮ್ಮ: ಇವತ್ತು ಹೇಳ್ತೀನಿ. ನಾನು ಮುನಿಗಂಗಪ್ಪಂಗೇ ಹಾಕಿದ್ದು. ಹೊಲಿಗೆ ಮಿಷನ್ ಗುರ್ತಿನ ಮೇಲೆ, ನೀಟಾಗಿ ಒತ್ತಿ, ಶಾಯಿ ಆರ್ಲಿ ಅಂತ ಊದಿ, ಮಡಚಿ ಹಾಕಿದ್ದು.

ಗಂಗರಾಜು: ಬೈಬಲ್ ಮುಟ್ಟಿ ಹೇಳು.

ಸುವಾರ್ತಮ್ಮ: ಆಣೆ ಇಡ್ಬಾರ್ದು ಅಂತ ಅದ್ರಲ್ಲೇ ಐತೆ. ಹೌದು ಅಂದ್ರೆ ಹೌದು ಅಷ್ಟೇ.

ಗಂಗರಾಜು: ನೀನೂ ಹಾಕಿದೀಯ, ನಾನೂ ಹಾಕಿದೀನಿ. ಹಂಗಾದ್ರೆ ಆ ಒಂದು ಓಟು ಎಲ್ಲೋಯ್ತು?

ಶೈಲಜಾ ಲೋಟವನ್ನು ಕೆಳಗಿಟ್ಟರು.

ಶೈಲಜಾ: ಒಂದು ನಿಮಿಷ. ಹೋದ ಸಲ ಎಣಿಕೇಲಿ ಈ ವಾರ್ಡಿನ ಟೇಬಲ್ಲಲ್ಲಿ ನಾನೇ ಕೂತಿದ್ದೆ. ಎದುರಿನೋರಿಗೆ ನೂರ ಎಂಬತ್ತೇಳು, ಮುನಿಗಂಗಪ್ಪ ಅವರಿಗೆ ನೂರ ಎಂಬತ್ತಾರು. ಒಂದು ಓಟು ರಿಜೆಕ್ಟ್ ಆಯ್ತು. ಅದನ್ನ ನಾನು ಈ ಜನ್ಮದಲ್ಲಿ ಮರೆಯಲ್ಲ.

ಗಂಗರಾಜು: ಯಾಕೆ? ಅದ್ರಲ್ಲೇನಿತ್ತು?

ಶೈಲಜಾ: ಯಾರೋ ಪುಣ್ಯಾತ್ಮರು ಕೊಟ್ಟ ಸೀಲು ಒತ್ತಿರ್ಲಿಲ್ಲ. ಹೊಲಿಗೆ ಮಿಷನ್ ಪಕ್ಕದಲ್ಲಿ ಪೆನ್ನು ತಗೊಂಡು ಉದ್ದಕ್ಕೆ ಒಂದು ಶಿಲುಬೆ ಬರ್ದಿದ್ರು. ಹಸಿರು ಇಂಕಲ್ಲಿ. ಅದರ ಕೆಳಗೆ 'ಸ್ತೋತ್ರ' ಅಂತ ಬೇರೆ ಬರ್ದಿದ್ರು.

ಪಕ್ಕದ ಶೆಡ್ಡಿನಲ್ಲಿ ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು ಮಾತ್ರ ಕೇಳುತ್ತಿತ್ತು. ಸುವಾರ್ತಮ್ಮ ನಿಧಾನವಾಗಿ ಗಂಡನ ಅಂಗಿಯ ಜೇಬನ್ನು ನೋಡಿದಳು. ಶೈಲಜಾ ಕೂಡ ನೋಡಿದರು. ಗಂಗರಾಜು ಜೇಬಿನ ಮೇಲೆ ಅಂಗೈ ಇಟ್ಟುಕೊಂಡ. ಪೆನ್ನಿನ ಹಸಿರು ಮುಚ್ಚಳ ಬೆರಳುಗಳ ನಡುವೆ ಇಣುಕಿತು.

ಸುವಾರ್ತಮ್ಮ: ರೀ.

ಗಂಗರಾಜು: ನಂಗೇನು ಗೊತ್ತು ಕಣೇ! ದೀಕ್ಷಾಸ್ನಾನ ಆಗಿ ಆಗಿನ್ನೂ ಹದಿನೈದು ದಿನ. ಅವರು ಕೊಟ್ಟ ಸೀಲು ನೋಡ್ತೀನಿ, ನಾಲ್ಕು ಕಡೆ ಬಾಣ, ಥೇಟ್ ಸ್ವಸ್ತಿಕ ಇದ್ದಂಗೆ ಐತೆ. ಮುಳುಗಿ ಎದ್ದು ಹದಿನೈದು ದಿನಕ್ಕೇ ಸ್ವಸ್ತಿಕ ಹೆಂಗೆ ಒತ್ಲಿ? ಮುನಿಗಂಗಪ್ಪಂಗೆ ಒಳ್ಳೇದಾಗ್ಲಿ ಅಂತ ಪ್ರಾರ್ಥನೆ ಮಾಡಿ ಶಿಲುಬೆ ಬರ್ದೆ.

ಶೈಲಜಾ: ಪ್ರಾರ್ಥನೆ ಅಲ್ಲಿಗೆ ತಲುಪಿರುತ್ತೆ. ಓಟು ಇಲ್ಲಿ ತಲುಪ್ಲಿಲ್ಲ.

ಗಂಗರಾಜು: ಹಂಗಾದ್ರೆ ಅವನು ಸೋತಿದ್ದು ನನ್ನಿಂದಾನಾ?

ಶೈಲಜಾ: ಪೂರ್ತಿ ನಿಮ್ಮಿಂದ ಅಲ್ಲ. ನಿಮ್ಮದೂ ಸೇರಿದ್ರೆ ಸಮ ಆಗಿರೋದು. ಚೀಟಿ ಎತ್ತಿರೋರು.

ಗಂಗರಾಜು ಜಗಲಿಯ ಮೇಲೆ ಕುಸಿದು ಕುಳಿತ. ಸುವಾರ್ತಮ್ಮ ಐದು ವರ್ಷ ಒಬ್ಬಳೇ ನಲ್ಲಿಯ ಹತ್ತಿರ ನಿಂತದ್ದು ಅವನ ಕಣ್ಣ ಮುಂದೆ ಬಂತು. ಬೇರೆಯವರ ಮುಂದೆ ಹೆಂಡತಿಯ ಪರವಾಗಿ ಒಂದು ಮಾತೂ ಆಡಿರಲಿಲ್ಲ ಅನ್ನುವುದೂ ನೆನಪಾಯಿತು.

ಗಂಗರಾಜು: ತಪ್ಪಾಯ್ತು ಕಣೇ.

ಸುವಾರ್ತಮ್ಮ: ನಂಗೆ ಹೇಳಿದ್ರೆ ಆಗಲ್ಲ. ನಡೀರಿ ಹಸಿರು ಗೇಟಿಗೆ.

ಗಂಗರಾಜು: ಈಗಲೇನಾ? ಮುನಿಗಂಗಪ್ಪ ಹೊಡೀತಾನೆ ಕಣೇ.

ಸುವಾರ್ತಮ್ಮ: ಇನ್ನೊಂದು ಕೆನ್ನೆ ತೋರ್ಸಿ. ವಾಕ್ಯದಲ್ಲೇ ಐತಲ್ಲ.

ಶೈಲಜಾ: ನಡೀರಿ, ನನ್ನ ಮುಂದಿನ ಮನೆ ಅದೇ.

ಮೂವರೂ ಹೊರಟರು. ಗಂಗರಾಜು ಮುಂದೆ ಇದ್ದವನು ಗೇಟಿನ ಹತ್ತಿರ ಬರುವಷ್ಟರಲ್ಲಿ ಹೇಗೋ ಎಲ್ಲರಿಗಿಂತ ಹಿಂದೆ ಬಿದ್ದಿದ್ದ. ಅವನ ಅದೃಷ್ಟಕ್ಕೆ ಮುನಿಗಂಗಪ್ಪ ರೇಷ್ಮೆ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿದ್ದ. ಲಕ್ಷ್ಮೀನರಸಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸುವಾರ್ತಮ್ಮನನ್ನು ಕಂಡವಳೇ ಎದ್ದು ಒಳಗೆ ಹೋಗಲು ನೋಡಿದಳು.

ಗಂಗರಾಜು: ಅಮ್ಮ, ಹೋಗ್ಬೇಡಿ. ಒಂದು ಮಾತು ಕೇಳಿ. ನಿಮ್ಮ ಯಜಮಾನ್ರು ಸೋತಿದ್ದು ಇವಳಿಂದ ಅಲ್ಲ, ನನ್ನಿಂದ. ನನ್ನ ಓಟು ಕೆಟ್ಟೋಯ್ತು. ಸೀಲು ಬಿಟ್ಟು ಶಿಲುಬೆ ಬರ್ದೆ. ಇವಳ್ದೇನೂ ತಪ್ಪಿಲ್ಲ. ಬೈಯೋದಾದ್ರೆ ನನ್ನ ಬೈರಿ.

ಲಕ್ಷ್ಮೀನರಸಮ್ಮ ಅವನನ್ನೇ ನೋಡಿದಳು. ಅವಳ ತುಟಿ ಅದುರಿತು. ಅಳುತ್ತಾಳೆ ಅಂದುಕೊಂಡ ಗಂಗರಾಜು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಮೊರದ ಮೇಲೆ ಬಗ್ಗಿ, ಅವರೆಕಾಳೆಲ್ಲ ಚೆಲ್ಲಿ ಹೋಗುವಂತೆ ನಗತೊಡಗಿದಳು.

ಲಕ್ಷ್ಮೀನರಸಮ್ಮ: ಅಯ್ಯೋ ದೇವುಡಾ! ಗಂಗರಾಜಣ್ಣ, ನಿಮ್ಮದೂ ಹೋಗಿತ್ತಾ?

ಸುವಾರ್ತಮ್ಮ: ನಿಮ್ಮದೂ ಅಂದ್ರೆ? ಇನ್ಯಾರ್ದು ಅಕ್ಕ?

ಲಕ್ಷ್ಮೀನರಸಮ್ಮ ಗೇಟಿನ ಕಡೆ ನೋಡಿ, ಬೀದಿಯ ಕಡೆ ನೋಡಿ, ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಲಕ್ಷ್ಮೀನರಸಮ್ಮ: ನಾನು ಎದುರಿನೋರಿಗೆ ಹಾಕಿದ್ದೆ ಕಣಮ್ಮ.

ಗಂಗರಾಜು: ಏನು! ಗಂಡ ನಿಂತಿದ್ರೆ ಹೆಂಡ್ತಿ ಎದುರಿನೋರಿಗಾ?

ಲಕ್ಷ್ಮೀನರಸಮ್ಮ: ಮತ್ತೇನ್ ಮಾಡ್ಲಿ? ನಿಂತಿದ್ದಕ್ಕೇ ಹದಿನೈದು ದಿನ ಮನೆ ತುಂಬ ಜನ. ಬೆಳಗ್ಗೆ ಮೂವತ್ತು ಟೀ, ಸಂಜೆ ಐವತ್ತು ಟೀ. ಗೆದ್ರೆ ಐದು ವರ್ಷ ಕಾಯ್ಸ್ಬೇಕಾಗುತ್ತೆ ಅಂತ ಲೆಕ್ಕ ಹಾಕಿ, ಕಣ್ಣು ಮುಚ್ಚಿ ಒತ್ಬಿಟ್ಟೆ. ಒಂದೇ ಓಟಲ್ಲಿ ಸೋಲ್ತಾರೆ ಅಂತ ನಂಗೇನು ಗೊತ್ತು? ನೂರಲ್ಲಿ ಸೋಲ್ತಾರೆ ಅಂದ್ಕೊಂಡಿದ್ದೆ.

ಶೈಲಜಾ (ಬೆರಳು ಎಣಿಸಿ): ನಿಮ್ಮದು ಈ ಕಡೆ ಬಂದಿದ್ರೆ ಇವರು ನೂರ ಎಂಬತ್ತೇಳು, ಅವರು ನೂರ ಎಂಬತ್ತಾರು. ಚೀಟಿ ಎತ್ತೋದೇ ಬೇಕಿರ್ಲಿಲ್ಲ.

ಸುವಾರ್ತಮ್ಮ: ಮತ್ತೆ ಐದು ವರ್ಷ ನನ್ನ ಮೇಲೆ ಕೋಪ ಯಾಕೆ ಅಕ್ಕ?

ಲಕ್ಷ್ಮೀನರಸಮ್ಮ: ಕೋಪ ಅಲ್ಲ ಕಣಮ್ಮ, ನಾಚಿಕೆ. ನಾನು ಮಾಡಿದ್ದು ನಿನ್ನ ತಲೆಗೆ ಬಂತು. ನಿನ್ನ ಮುಖ ನೋಡಿದ್ರೆ ಬಾಯಿ ಬಿಟ್ಬಿಡ್ತೀನಿ ಅಂತ ಭಯ. ಅದಕ್ಕೇ ಓಡೋಗ್ತಿದ್ದೆ. ಎಷ್ಟು ಬಿಂದಿಗೆ ನೀರಿಲ್ದೆ ವಾಪಸ್ ತಂದಿದೀನಿ ಗೊತ್ತಾ?

ಸುವಾರ್ತಮ್ಮ ಕೋಪ ಮಾಡಿಕೊಳ್ಳಬೇಕು ಅಂದುಕೊಂಡಳು. ಆಗಲಿಲ್ಲ. ಕೆಳಗೆ ಕೂತು ಚೆಲ್ಲಿದ ಅವರೆಕಾಳನ್ನು ಆರಿಸತೊಡಗಿದಳು. ಲಕ್ಷ್ಮೀನರಸಮ್ಮ ಅವಳ ಪಕ್ಕ ಕೂತಳು. ಇಬ್ಬರ ಭುಜವೂ ನಗುವಿಗೆ ಕುಲುಕುತ್ತಿತ್ತು. ಗಂಗರಾಜು ಮಾತ್ರ ಕಂಬದ ಹಾಗೆ ನಿಂತಿದ್ದ.

ಗಂಗರಾಜು: ಮುನಿಗಂಗಪ್ಪಂಗೆ ಏನಂತ ಹೇಳೋದು?

ಲಕ್ಷ್ಮೀನರಸಮ್ಮ: ನಿಮ್ಮದು ಹೇಳಿ. ನಂದು ಬೇಡ.

ಶೈಲಜಾ: ಈ ಸಲ ಮತ್ತೆ ನಿಲ್ತಾರಂತಲ್ಲ ಅವರು?

ಲಕ್ಷ್ಮೀನರಸಮ್ಮ: ಎಲ್ಲಿ ನಿಲ್ತಾರೆ ಮೇಡಂ. ನಿನ್ನೆ ಸುದ್ದಿ ಬಂತು, ವಾರ್ಡು ಮಹಿಳೆಗೆ ಮೀಸಲಾತಿ ಅಂತೆ. ನನ್ನೇ ನಿಲ್ಲಿಸ್ತಾರಂತೆ. ನಿಲ್ತೀನಿ, ಆದ್ರೆ ಟೀ ನೀವೇ ಕಾಯ್ಸ್ಬೇಕು ಅಂತ ಹೇಳಿದೀನಿ. ರಾತ್ರಿಯಿಂದ ಯೋಚ್ನೆ ಮಾಡ್ತಾವ್ರೆ.

ಸುವಾರ್ತಮ್ಮ: ನಾನು ಮನೆಮನೆಗೂ ಬರ್ತೀನಿ ಅಕ್ಕ. (ಗಂಡನ ಕಡೆ ತಿರುಗಿ) ನೀವೇನಂತೀರ? ಹೆಂಗಸು ನಿಂತವ್ರೆ.

ಗಂಗರಾಜು ಗಂಟಲು ಸರಿ ಮಾಡಿಕೊಂಡ. ಅಮೇರಿಕಾದ ಪ್ರಸಂಗಿ ಇಂಥ ಸಂದರ್ಭಕ್ಕೆ ಏನನ್ನೂ ಹೇಳಿರಲಿಲ್ಲ. ಅವನು ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ.

ಗಂಗರಾಜು: ಲಕ್ಷ್ಮೀನರಸಮ್ಮ, ಇವಳ ಓಟು ಇವಳಿಗೆ ಬಿಟ್ಟಿದ್ದು, ನಾನು ಕೇಳಲ್ಲ. ನನ್ನ ಮಾತು ನಾನು ಹೇಳ್ತೀನಿ. ನನ್ನ ಓಟು ನಿಮಗೇ ಅಮ್ಮ. ಹೃದಯಪೂರ್ವಕವಾಗಿ, ಪ್ರಾರ್ಥನೆ ಮಾಡಿ ಹಾಕ್ತೀನಿ.

ಲಕ್ಷ್ಮೀನರಸಮ್ಮ ಗಾಬರಿಯಿಂದ ಎರಡೂ ಕೈ ಮುಗಿದಳು.

ಲಕ್ಷ್ಮೀನರಸಮ್ಮ: ನಿಮ್ಮ ದಮ್ಮಯ್ಯ ಗಂಗರಾಜಣ್ಣ! ಅಷ್ಟು ಭಕ್ತಿಯಿಂದ ಹಾಕೋದಾದ್ರೆ ನನ್ನ ಎದುರು ನಿಲ್ಲೋರಿಗೆ ಹಾಕ್ಬಿಡಿ!